ಲಿಂಗಸುಗೂರಿನಲ್ಲಿ ಬೆಳೆಯುತ್ತಿದ್ದ ಜೀವ

ಆದಮ್ಮ ಹೆದರುವ ಹೆಂಗಸಲ್ಲ ಎಂದು ಸಿಂಧನೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಸಿಂಧನೂರು ಅಂದರೆ ಇಡೀ ಊರಲ್ಲ, ನಮ್ಮ ಬೀದಿ. ನನ್ನ ಔಷಧಿ ಅಂಗಡಿಯ ಎದುರಿಗೇ ಒಂದು ಹೆರಿಗೆ ಆಸ್ಪತ್ರೆ ಇದೆ, ಅಲ್ಲಿ ಆಕೆ ಆಯಾ. ಡಾಕ್ಟರಮ್ಮ ಬರುವುದು ತಡವಾಯಿತೆಂದು ಕೂಸು ಕಾಯುವುದಿಲ್ಲವಲ್ಲ, ಆಗ ಕೈಯೊಡ್ಡಿ ಹಿಡಿಯುವವಳು ಆಕೆಯೇ. ರಕ್ತ ಕಂಡು ತಲೆತಿರುಗಿ ಬಿದ್ದ ಗಂಡಂದಿರನ್ನು ರಟ್ಟೆ ಹಿಡಿದು ವರಾಂಡಕ್ಕೆ ಎಳೆದು ಹಾಕಿದ್ದನ್ನು ನಾನೇ ನೋಡಿದ್ದೇನೆ. ಹೆಣ್ಣು ಹುಟ್ಟಿತೆಂದು ಮುಖ ಗಂಟಿಕ್ಕಿಕೊಂಡ ಅತ್ತೆಯರಿಗೆ ಆಕೆ ಹೇಳುತ್ತಿದ್ದ ಮಾತುಗಳು ಇಲ್ಲಿ ಬರೆಯುವಂಥವಲ್ಲ. ಅಂಥವಳು ಹೆದರಿದ್ದನ್ನು ನಾನು ನೋಡಿದೆ. ಆ ಹೆದರಿಕೆ ನನಗೂ ಅಂಟಿಕೊಂಡಿತು, ಇನ್ನೂ ಬಿಟ್ಟಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹೆಸರು ಅಮರಗುಂಡಪ್ಪ. ಮಸ್ಕಿಯ ಕಿರಾಣಿ ವ್ಯಾಪಾರದ ಮನೆತನದವನು, ಫಾರ್ಮಸಿ ಓದಿ ಇಲ್ಲಿಗೆ ಬಂದು ಅಂಗಡಿ ಹಾಕಿದೆ. ದಿನಾ ವಿಭೂತಿ ಹಚ್ಚುತ್ತೇನೆ, ಆದರೆ ದೃಷ್ಟಿ ತೆಗೆಯುವುದು, ತಾಯಿತ ಕಟ್ಟುವುದು ಕಂಡರೆ ಮೈ ಉರಿಯುತ್ತದೆ. ಕೂಸಿಗೆ ಜ್ವರ ಬಂದರೆ ಮೊದಲು ನಿಂಬೆಹಣ್ಣು ಇಳಿಸಿ ಆಮೇಲೆ ನನ್ನ ಅಂಗಡಿಗೆ ಬರುವವರಿಗೆ ಬೈದೇ ಔಷಧಿ ಕೊಡುವುದು. ಆದಮ್ಮನಿಗೂ ಸಾಕಷ್ಟು ಬೈದಿದ್ದೇನೆ. ಆಕೆ ನಗುತ್ತಿದ್ದಳು.

ಆಕೆಯ ಊರು ಜವಳಗೇರಾ. ಕಾಲುವೆ ನೀರಿನ ಗದ್ದೆಗಳಲ್ಲಿ ಭತ್ತದ ಸಸಿ ಹಚ್ಚುತ್ತಾ ಬೆಳೆದವಳು. ಆಕೆಯ ಅವ್ವ ಊರ ಹೆರಿಗೆಗಳನ್ನು ಮಾಡಿಸುತ್ತಿದ್ದಳು, ಮಗಳಿಗೆ ಕೈಗುಣ ಅಲ್ಲಿಂದ ಬಂತು. ಆ ಕಾಲದಲ್ಲಿ ಕೂಸಿನ ಹಿಂದೆ ಬೀಳುವ ಮಾಸನ್ನೂ ಕೊಯ್ದ ಕರುಳಬಳ್ಳಿಯನ್ನೂ ಹೊಸ ಕುಡಿಕೆಯಲ್ಲಿ ಹಾಕಿ, ಉಪ್ಪು, ಅರಿಶಿನ, ಬೇವಿನ ಎಲೆ ಸೇರಿಸಿ, ಬಚ್ಚಲಿನ ಹಿಂದೆ ಆಳವಾಗಿ ಹೂತು ಮೇಲೊಂದು ಕಲ್ಲು ಇಡುತ್ತಿದ್ದರು. ಬಾಣಂತಿ ಎರೆದುಕೊಂಡ ಬಿಸಿನೀರು ಅದರ ಮೇಲೆಯೇ ಹರಿಯಬೇಕು. ಅದು ಸದ್ದಿಲ್ಲದೆ ಮಣ್ಣಾದರೆ ಕೂಸು ಗಟ್ಟಿಯಾಗುತ್ತದೆ ಎಂದು ನಂಬಿಕೆ. ಗಂಡ ತೀರಿಕೊಂಡ ಮೇಲೆ ಆದಮ್ಮ ಮಗಳು ಅಮರೇಶ್ವರಿಯನ್ನು ಕಟ್ಟಿಕೊಂಡು ಸಿಂಧನೂರಿಗೆ ಬಂದು ಆಸ್ಪತ್ರೆ ಸೇರಿದಳು. ಇಲ್ಲಿ ಎಲ್ಲವೂ ಹಳದಿ ಚೀಲಕ್ಕೆ ಹೋಗುತ್ತದೆ, ಗಾಡಿ ಬಂದು ಒಯ್ದು ಸುಡುತ್ತಾರೆ. ಮೊದಮೊದಲು ಸಂಕಟಪಟ್ಟಳಂತೆ. ಸಂಬಳ ಕೈಗೆ ಬರತೊಡಗಿದ ಮೇಲೆ ರೂಢಿಯಾಯಿತು.

ಕಳೆದ ವರ್ಷ ದಾನಿಷ್ ಎಂಬ ಹುಡುಗ ಐಸಿನ ಡಬ್ಬಿ ಹಿಡಿದುಕೊಂಡು ಆಸ್ಪತ್ರೆಗೆ ಬರತೊಡಗಿದ. ಲಿಂಗಸುಗೂರಿನ ಹತ್ತಿರದ ಒಂದು ಖಾಸಗಿ ಕಾಲೇಜಿನ ಪ್ರಯೋಗಾಲಯದಲ್ಲಿ ಅವನು ತಂತ್ರಜ್ಞ. ಮನುಷ್ಯನ ಮೈಯ ಬೇರೆ ಬೇರೆ ಭಾಗಗಳಿಂದ ಕಾಂಡಕೋಶಗಳನ್ನು ತೆಗೆದು, ಬೆಳೆಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ಹೋಲಿಸುವುದು ಅಲ್ಲಿನ ಕೆಲಸ. ಎಲುಬಿನ ಮಜ್ಜೆಯದು ಹೇಗಿದೆ, ಕೊಬ್ಬಿನದು ಹೇಗಿದೆ, ಹಲ್ಲಿನ ತಿರುಳಿನದು, ಕರುಳಬಳ್ಳಿಯದು ಹೇಗಿದೆ ಎಂದು. ಕಾಂಡಕೋಶವೆಂದರೆ ತಾನು ಮುಂದೆ ಏನಾಗಬೇಕೆಂದು ಇನ್ನೂ ತೀರ್ಮಾನ ಮಾಡದ ಜೀವಕೋಶ. ಎಲುಬೂ ಆದೀತು, ಕೊಬ್ಬೂ ಆದೀತು. ಕರುಳಬಳ್ಳಿ ಕೇಳಿದರೆ ಬಾಣಂತಿಯರ ಮನೆಯವರು ಹಿಂದೆಮುಂದೆ ನೋಡುತ್ತಿದ್ದರು. ಅವರನ್ನು ಒಪ್ಪಿಸುತ್ತಿದ್ದವಳು ಆದಮ್ಮನೇ. “ಹೆಂಗಿದ್ರೂ ಚೀಲಕ್ಕ ಹೋಗೋದು, ಕೊಡ್ರಿ. ನಾಳಿ ಯಾರಿಗರ ಔಷಧ ಆಗತೈತಂತ” ಎಂದು ಗದರಿಸಿದರೆ ಎಂಥವರೂ ಹೂಂ ಅನ್ನುತ್ತಿದ್ದರು.

ಬೇಸಿಗೆಗೆ ಮೊದಲು ಅಮರೇಶ್ವರಿ ಹೆರಿಗೆಗೆ ಬಂದಳು. ಗಂಡುಮಗು. ಆದಮ್ಮ ತನ್ನ ಕೈಯಾರೆ ಹಿಡಿದ ಕೂಸು. ಉಳಿದವರಿಗೆಲ್ಲ ಕೊಡಿ ಎಂದು ಹೇಳಿ ತಾನು ಹಿಂಜರಿದರೆ ಚೆನ್ನಾಗಿರುವುದಿಲ್ಲವೆಂದು, ಮಗಳನ್ನು ಒಪ್ಪಿಸಿ, ಮೊಮ್ಮಗನ ಕರುಳಬಳ್ಳಿಯನ್ನು ದಾನಿಷನ ಡಬ್ಬಿಗೆ ಹಾಕಿದಳು. ಅಂದು ಅವನಿಗೆ ಸಿಕ್ಕಿದ್ದು ಅದೊಂದೇ.

ಕೂಸಿಗೆ ತಿಂಗಳು ತುಂಬಿತ್ತು. ದಾನಿಷ್ ನನ್ನ ಅಂಗಡಿಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತಾ ಕುಳಿತಿದ್ದ. ಆದಮ್ಮ ಕೂಸಿಗೆ ಜ್ವರದ ಹನಿ ಔಷಧಿ ಕೊಳ್ಳಲು ಬಂದಳು. ಹಿಂದಿನ ದಿನದಿಂದ ಮೈ ಬಿಸಿಯಂತೆ. ಹುಡುಗ ಖುಷಿಪಡಿಸಲೆಂದು ಮೊಬೈಲ್ ತೆಗೆದು ಒಂದು ಚಿತ್ರ ತೋರಿಸಿದ.

“ಆದಮ್ಮಾ, ನೋಡ್ರಿಲ್ಲಿ. ನಿಮ್ಮ ಮೊಮ್ಮಗನ ಜೀವಕೋಶ.”

“ಏನಂದೀ?”

“ಜೀವಕೋಶ. ಅಂದು ಕೊಟ್ಟಿದ್ರೆಲ್ಲ, ಆ ಬಳ್ಳಿದ್ದು. ಇನ್ನೂ ಜೀವಂತ ಅದಾವ. ದಿನಾ ಬೆಳಿಯಾಕತ್ತಾವ. ಬರೋ ವಾರ ಸಾಯಿಸಿ ಬಣ್ಣ ಹಾಕಿ ನೋಡೋದೈತಿ.”

ಹುಡುಗ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಒಳಗಿನ ರಚನೆ ಕಾಣಬೇಕಾದರೆ ಕೋಶಗಳನ್ನು ಇದ್ದಲ್ಲೇ ಸ್ಥಿರಗೊಳಿಸಿ ಬಣ್ಣ ಹಾಕಬೇಕು, ಆಗ ಅವು ಸಾಯುತ್ತವೆ. ಆದರೆ ಆ ಮಾತು ಬಿದ್ದದ್ದು ಆದಮ್ಮನ ಕಿವಿಯಲ್ಲಿ. ಹೈಸ್ಕೂಲಿನಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಜೀವಕೋಶ ಎಂಬ ಶಬ್ದದೊಳಗೆ ಜೀವ ಎಂಬುದೊಂದಿದೆ ಎಂದು ನನಗೆ ಅದುವರೆಗೆ ಹೊಳೆದೇ ಇರಲಿಲ್ಲ. ಶಾಲೆಯ ಮುಖ ನೋಡದ ಆಕೆಗೆ ಮೊದಲು ಕೇಳಿಸಿದ್ದೇ ಅದು. ಮೊಮ್ಮಗನ ಜೀವ ಲಿಂಗಸುಗೂರಿನಲ್ಲಿದೆ, ಬರುವ ವಾರ ಅದನ್ನು ಸಾಯಿಸುತ್ತಾರೆ, ಕೂಸಿನ ಮೈ ಆಗಲೇ ಸುಡುತ್ತಿದೆ. ಔಷಧಿಯ ಶೀಸೆ ಆಕೆಯ ಕೈಯಿಂದ ಜಾರಿ ಕಟ್ಟೆಯ ಮೇಲೆ ಒಡೆಯಿತು.

ಮರುದಿನ ಮುಂಜಾನೆ ಅಂಗಡಿಯ ಬಾಗಿಲು ತೆಗೆಯುವಾಗಲೇ ಬಂದು ನಿಂತಿದ್ದಳು. ಕೈಯಲ್ಲೊಂದು ಬಟ್ಟೆಯ ಚೀಲ. ಕೂಸಿಗೆ ಜ್ವರ ಇಳಿದಿಲ್ಲ, ಹಾಲು ಕುಡಿಯುತ್ತಿಲ್ಲ ಎಂದಳು. ಮಕ್ಕಳ ಡಾಕ್ಟರಿಗೆ ತೋರಿಸಿದ್ದಾಗಿತ್ತು, ನೆಗಡಿಯ ಜ್ವರ, ಕಾಯ್ದು ನೋಡೋಣ ಎಂದಿದ್ದರು.

“ಸಾವ್ಕಾರ್ರ, ನನ್ನ ಲಿಂಗಸೂರಿಗೆ ಕರ್ಕೊಂಡು ಹೋಗ್ರಿ. ನನಗ ಆ ಕಾಲೇಜು ಗೊತ್ತಿಲ್ಲ.”

“ಯಾಕ?”

“ಕೂಸಿಂದು ತರಾಕ.”

ಬೈದೆ. ಚೆನ್ನಾಗಿಯೇ ಬೈದೆ. ಆಕೆ ನಗಲಿಲ್ಲ, ತಿರುಗಿ ಬೈಯಲೂ ಇಲ್ಲ. ಕಣ್ಣು ಮಿಟುಕಿಸದೆ ನಿಂತೇ ಇದ್ದಳು. ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಬಸ್ ಹತ್ತಿದೆ. ಬಸ್ಸಿನಲ್ಲಿ ಚೀಲ ಬಿಚ್ಚಿ ತೋರಿಸಿದಳು. ಹೊಸ ಕುಡಿಕೆ, ಉಪ್ಪು, ಅರಿಶಿನ, ಬೇವಿನ ಎಲೆ.

ಹಸಿರು ಗದ್ದೆಗಳು ಹಿಂದೆ ಉಳಿದು ಜೋಳದ ಕರಿ ಹೊಲಗಳು ಶುರುವಾಗುವವರೆಗೂ ನಾನು ವಾದ ಮಾಡುತ್ತಲೇ ಇದ್ದೆ. “ಅಲ್ಲ ಆದಮ್ಮ, ನೀನ ನಿನ್ನ ಕೈಲೆ ಎಷ್ಟು ಕೂಸಿನ ಬಳ್ಳಿ ಹಳದಿ ಚೀಲಕ್ಕ ಹಾಕೀ? ಎಲ್ಲಾ ಸುಟ್ಟಾರ. ಆ ಕೂಸುಗಳು ಏನಾದ್ವು? ಸಾಲಿಗೆ ಹೋಗಾಕತ್ತಾವ.”

“ಅವು ಸತ್ತಿದ್ವು ಸಾವ್ಕಾರ್ರ. ಸತ್ತದ್ದನ್ನ ಸುಡ್ತಾರ, ಹೂಳ್ತಾರ. ಇದು ಸತ್ತಿಲ್ಲ. ಇನ್ನೂ ಜೀವ ಐತಿ, ಬೆಳಿಯಾಕತ್ತೈತಿ ಅಂತ ಆ ಹುಡುಗ ತನ್ನ ಬಾಯಿಲೆ ಹೇಳ್ಯಾನ. ಜೀವ ಇದ್ದದ್ದನ್ನ ಸಾಯಿಸಿದ್ರ ಏನಂತಾರ, ನೀವ ಹೇಳ್ರಿ.”

ಓದಿದವನನ್ನು ಮಾತಿನಲ್ಲಿ ಕಟ್ಟಿಹಾಕಿದಳೆಂಬ ಸಿಟ್ಟಿಗೆ ಕಿಟಕಿಯ ಕಡೆ ಮುಖ ತಿರುಗಿಸಿದೆ.

ಮಸ್ಕಿ ದಾಟಿದ ಮೇಲೆ ಆಕೆ ತಾನಾಗಿಯೇ ಮಾತಿಗೆ ಶುರುಮಾಡಿದಳು. ಅಮರೇಶ್ವರಿಗಿಂತ ಮೊದಲು ಆಕೆಗೊಂದು ಗಂಡುಮಗು ಹುಟ್ಟಿತ್ತು. ಕಾಲುವೆ ದಂಡೆಯ ಗುಡಿಸಲಿನಲ್ಲಿ ಹೆರಿಗೆ. ಗುಡಿಸಲಿನ ಹಿಂದೆಯೇ ಮಾಸು ಹೂತಿದ್ದರು. ಕಾಲುವೆಗೆ ನೀರು ಬಿಟ್ಟಾಗ ನೆಲ ಜೌಗಾಗಿ, ಕಲ್ಲು ವಾಲಿ, ನಾಯಿಗಳು ಕುಡಿಕೆ ಬಗೆದು ಎಳೆದುಕೊಂಡು ಹೋದವು. ಮುಂಜಾನೆ ಆಕೆ ನೋಡಿದ್ದು ಬರಿದಾದ ಗುಂಡಿ. ಅಂದು ಸಂಜೆ ಕೂಸಿಗೆ ಜ್ವರ ಹತ್ತಿತು. ಮೊಲೆಗೆ ಬಾಯಿ ಹಾಕಲಿಲ್ಲ. ಸಿಂಧನೂರಿನ ದವಾಖಾನೆಗೆ ಒಯ್ಯಲು ಟ್ರ್ಯಾಕ್ಟರ್ ಸಿಗುವ ಹೊತ್ತಿಗೆ ಮುಗಿದಿತ್ತು.

“ಅವತ್ತಿಂದ ನಾ ಯಾರ ಮುಂದೂ ಅಂದಿಲ್ಲ. ನನ್ನ ಗಂಡನ ಮುಂದೂ ಅಂದಿಲ್ಲ. ಅಂದ್ರ ಮತ್ತ ಆಗತೈತಿ ಅಂತ ಅಂಜಿಕಿ.”

ಹಸಿ ನೆಲ, ಕಾಲುವೆಯ ಕೊಳೆ ನೀರು, ಹೊಕ್ಕುಳಿಗೆ ಸೋಂಕು ತಗುಲಿರಬೇಕು ಎಂದು ನನ್ನ ತಲೆ ಲೆಕ್ಕ ಹಾಕಿತು. ಸಂತೆಕಲ್ಲೂರಿನಲ್ಲಿ ಬಸ್ ನಿಂತು ಜನ ಇಳಿದು ಹತ್ತಿದರು. ಆದಮ್ಮ ಚೀಲವನ್ನು ಎದೆಗೆ ಒತ್ತಿಕೊಂಡು ಕುಳಿತಿದ್ದಳು.

ಕಾಲೇಜಿನ ಪ್ರಯೋಗಾಲಯ ನಾನು ಅಂದುಕೊಂಡಷ್ಟು ದೊಡ್ಡದಿರಲಿಲ್ಲ. ಶಿವಕುಮಾರಿ ಎಂಬ ಹುಡುಗಿ ಅಲ್ಲಿ ಸಂಶೋಧನೆ ಮಾಡುತ್ತಿದ್ದಳು, ನಮ್ಮ ಮಸ್ಕಿಯವಳೇ, ಪರಿಚಯದ ಮನೆಯವಳು. ನಾವು ಬಂದ ಕಾರಣ ಕೇಳಿ ಅವಳು ದಾನಿಷನನ್ನು ನೋಡಿದ ನೋಟದಲ್ಲಿ ಅವನು ಅರ್ಧ ಕುಗ್ಗಿಹೋದ. ಆದರೆ ಆದಮ್ಮನಿಗೆ ಒಂದೂ ಗಡಸು ಮಾತಾಡಲಿಲ್ಲ. ಕುರ್ಚಿ ಕೊಟ್ಟಳು, ನೀರು ಕೊಟ್ಟಳು.

“ಅವ್ವಾ, ಇಲ್ಲಿರೋದು ನಿಮ್ಮ ಕೂಸಿನ ಜೀವ ಅಲ್ರಿ. ಬಳ್ಳಿ ಕೊಯ್ದ ಮ್ಯಾಲೆ ಉಳಿದ ಕಣ ಅಷ್ಟ. ನೀವ ನೋಡ್ರಿ, ಅಂಜಿಕಿ ಹೋಗತೈತಿ.”

ಒಂದು ಪೆಟ್ಟಿಗೆಯ ಬಾಗಿಲು ತೆಗೆದಳು. ಒಳಗೆ ಮೈಯ ಬಿಸಿಯಷ್ಟೇ ಬಿಸಿ. ಪಾರದರ್ಶಕವಾದ ಚಪ್ಪಟೆ ಬಾಟಲಿಗಳು, ಪ್ರತಿಯೊಂದರ ತಳದಲ್ಲಿ ಸ್ವಲ್ಪ ಗುಲಾಬಿ ನೀರು. ಆ ನೀರೇ ಅವುಗಳ ಊಟ ಎಂದಳು. ಮೊದಲು ಬೇರೆಯವನ್ನು ತೋರಿಸಿದಳು. ಸೂಕ್ಷ್ಮದರ್ಶಕದಲ್ಲಿ ಆದಮ್ಮನಿಗೆ ಮೊದಲು ತನ್ನ ರೆಪ್ಪೆಯೇ ಕಂಡಿತು. ಆಮೇಲೆ ಕಣ್ಣು ಹೊಂದಿಕೊಂಡಿತು.

“ಕಾಲುವಿ ಮೀನಿನ ಮರಿ ಇದ್ದಂಗ ಅದಾವ.”

ನಾನೂ ನೋಡಿದೆ. ಎರಡೂ ತುದಿ ಚೂಪಾದ ಉದ್ದನೆಯ ಆಕಾರಗಳು ಒಂದೇ ದಿಕ್ಕಿಗೆ ಮುಖ ಮಾಡಿ ಮಲಗಿದ್ದವು, ಒಂದೊಂದರ ನಡುವೆಯೂ ಒಂದು ದುಂಡನೆಯ ನೆರಳು. ಅದು ಹಲ್ಲಿನ ತಿರುಳಿನದು. ಕೊಬ್ಬಿನದೂ ಹಾಗೆಯೇ ಕಂಡಿತು, ಮಜ್ಜೆಯದು ಸ್ವಲ್ಪ ಅಗಲವೇನೋ ಅನ್ನಿಸಿತು. ಮೇಲ್ನೋಟಕ್ಕೆ ಎಲ್ಲವೂ ಅಣ್ಣತಮ್ಮಂದಿರು, ಒಳಗಿನ ರಚನೆಯಲ್ಲಿ ಏನು ಬೇರೆ ಎಂದು ಕಾಣಲು ಬಣ್ಣ ಬೇಕು ಎಂದು ಶಿವಕುಮಾರಿ ವಿವರಿಸಿದಳು.

ಆದಮ್ಮ ತಲೆ ಎತ್ತಿದಳು. “ಈ ಹಲ್ಲಿನಾವ ಎಲ್ಲೆದಾನ? ಅವನ್ನ ಸಾಯಿಸಿ ಬಣ್ಣ ಹಾಕಿದ ಮ್ಯಾಲೆ ಅಂವ ಹೆಂಗದಾನ?”

ಶಿವಕುಮಾರಿ ಬೆಚ್ಚಿದಳು. ಅಷ್ಟು ವರ್ಷದ ಓದಿನಲ್ಲಿ ಯಾರೂ ಅವಳಿಗೆ ಆ ಪ್ರಶ್ನೆ ಕೇಳಿರಲಿಕ್ಕಿಲ್ಲ. ದಾನಿಷ್ ಮುಂದೆ ಬಂದ. “ನಂದ ಹಲ್ಲು ಆದಮ್ಮಾ. ದವಡಿ ಹಲ್ಲು ಕೀಳಿಸಿದ್ದೆ, ಕೊಟ್ಟೆ. ನನ್ನವ ಎಷ್ಟೋ ಸಾಯಿಸ್ಯಾರ. ನಾ ಗಟ್ಟಿ ಇದೀನಿ, ನೋಡ್ರಿ.”

ಆಕೆ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. “ನೀ ಬೆಳದಾವ ತಮ್ಮಾ. ಹಲ್ಲು ಹೋದ್ರ ಬಾಯಿ ಬೊಚ್ಚಾಗತೈತಿ, ಕೊಬ್ಬು ಹೋದ್ರ ಚೊಲೊನ. ಕರುಳಬಳ್ಳಿ ಹಂಗಲ್ಲ. ಅದ್ರಾಗಿಂದ ಕೂಸಿಗೆ ಜೀವ ಇಳಿದೈತಿ. ನಾ ಕೈಲೆ ಹಿಡದು ನೋಡೀನಿ, ಕೊಯ್ಯೋ ತನಕ ಬಡಕೋತಿರತೈತಿ.”

ಕೊನೆಗೆ ಕರುಳಬಳ್ಳಿಯದು. ಶಿವಕುಮಾರಿ ಬಾಟಲಿ ಸರಿಸುತ್ತಾ ಒಂದು ಕಡೆ ನಿಲ್ಲಿಸಿ, ತಾನು ನೋಡಿ, ಆಮೇಲೆ ಆದಮ್ಮನನ್ನು ಕರೆದಳು. ಉಳಿದವುಗಳಿಗಿಂತ ಇವು ಸಣ್ಣ, ಒತ್ತೊತ್ತಾಗಿ ತುಂಬಿಕೊಂಡಿದ್ದವು. ಅವುಗಳ ನಡುವೆ ಒಂದು ಮಾತ್ರ ಉದ್ದ ಬಿಟ್ಟು ದುಂಡಗಾಗಿ ನಿಂತಿತ್ತು, ನಡುವಿನಲ್ಲಿ ಸೊಂಟ ಹಿಡಿದಂತೆ ಸಣ್ಣಗಾಗಿತ್ತು. “ಅದು ಎರಡಾಗಾಕತ್ತೈತಿ” ಎಂದಳು ಹುಡುಗಿ.

ಆದಮ್ಮ ಅದರಿಂದ ಕಣ್ಣು ತೆಗೆಯಲೇ ಇಲ್ಲ. ಪಿಸುಮಾತಿನಲ್ಲಿ, “ಹೆರಿಗಿ” ಅಂದಳು.

ಶಿವಕುಮಾರಿ ಒಳ್ಳೆಯ ಮನಸ್ಸಿನವಳು. “ಒಯ್ಯೋದಿದ್ರ ಒಯ್ರಿ ಅವ್ವಾ. ನಿಮ್ಮದು. ನಾ ಬ್ಯಾರೆ ಬಳ್ಳಿ ನೋಡ್ಕೋತೀನಿ” ಎಂದು ಬಾಟಲಿಯನ್ನು ಆಕೆಯ ಕೈಗೇ ಕೊಟ್ಟಳು. ಆದಮ್ಮ ಚೀಲ ಬಿಚ್ಚಿ ಕುಡಿಕೆಯನ್ನು ಮೇಜಿನ ಮೇಲಿಟ್ಟಳು. ಬೇವಿನ ಎಲೆ ಬಾಡಿತ್ತು. ಒಂದು ಕೈಯಲ್ಲಿ ಬಾಟಲಿ, ಇನ್ನೊಂದು ಕೈ ಉಪ್ಪಿನ ಪೊಟ್ಟಣದ ಮೇಲೆ. ಬಂದದ್ದು ಇದಕ್ಕಾಗಿಯೇ, ಒಯ್ದು ಹೂತರೆ ಮುಗಿಯಿತು ಎಂದು ನಾನು ಕೈಗಡಿಯಾರ ನೋಡಿಕೊಂಡೆ. ಆಗ ಆಕೆಯ ಮೋರೆಯ ಬಣ್ಣ ಇಳಿದದ್ದು ಕಂಡೆ. ಅಂಥ ಭಯ ನಾನು ಸಾಯುವವರ ಮೋರೆಯ ಮೇಲೂ ನೋಡಿಲ್ಲ.

“ಸಾವ್ಕಾರ್ರ, ಇದು ಹಡ್ಯಾಕತ್ತೈತಿ. ಜೀವ ಇದ್ದದ್ದನ್ನ ಉಪ್ಪಿನ್ಯಾಗ ಹೆಂಗ ಹೂಳಲಿ?”

ಒಯ್ದು ಹೂತರೂ ಸಾಯುತ್ತದೆ, ಬಿಟ್ಟರೂ ಸಾಯಿಸುತ್ತಾರೆ. ಆಕೆ ಬಾಟಲಿಯನ್ನು ಸೆರಗಿನಲ್ಲಿ ಸುತ್ತಿದಳು, ತಣ್ಣಗಾದೀತೆಂದು. ಕೊನೆಗೆ ಆಕೆ ಬಾಟಲಿಯನ್ನು ಶಿವಕುಮಾರಿಯ ಕೈಗೆ ವಾಪಸ್ ಕೊಟ್ಟು, ಆ ಕೈಗಳನ್ನೇ ಹಿಡಿದುಕೊಂಡಳು. “ತಂಗೀ, ನಿನ್ನ ಕಾಲು ಬೀಳ್ತೀನಿ. ಇದನ್ನ ಸಾಯಿಸಬ್ಯಾಡ. ನಮ್ಮ ಕೂಸು ದೊಡ್ಡದಾಗೋ ತನಕ ಕಾಯ್ಕೋ.”

ಹುಡುಗಿ ಆಗಲಿ ಅಂದಳು. ಇದೊಂದು ಬಾಟಲಿಗೆ ಬಣ್ಣ ಹಾಕುವುದಿಲ್ಲ, ಊಟ ಹಾಕುತ್ತಾ ಹೋಗುತ್ತೇನೆ ಅಂದಳು. ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು, “ಕಾಕಾ, ಇವು ಎಷ್ಟು ಊಟ ಹಾಕಿದ್ರೂ ಕಾಯಂ ಇರಂಗಿಲ್ರಿ. ಒಡದು ಎರಡಾಗಾಕ ಒಂದು ಮಿತಿ ಐತಿ. ಒಂದಿನ ತಾವ ನಿಲ್ತಾವ” ಎಂದಳು. ಆದಮ್ಮ ಬಾಗಿಲಲ್ಲಿ ನಿಂತು ಆ ಪೆಟ್ಟಿಗೆಗೆ ಕೈಮುಗಿಯುತ್ತಿದ್ದಳು. ಹೇಳುವ ಧೈರ್ಯ ನಮ್ಮಿಬ್ಬರಿಗೂ ಆಗಲಿಲ್ಲ.

ನಾವು ಸಿಂಧನೂರಿಗೆ ಇಳಿಯುವ ಹೊತ್ತಿಗೆ ಕೂಸಿನ ಜ್ವರ ಬಿಟ್ಟಿತ್ತು. ಎರಡೂ ಕಡೆ ಹಾಲು ಕುಡಿದು ಮಲಗಿತ್ತು. ನೆಗಡಿಯ ಜ್ವರ ಹಾಗೆಯೇ ಬಿಡುವುದು, ನನಗದು ಗೊತ್ತು. ಆದಮ್ಮನಿಗೆ ಗೊತ್ತಿದ್ದದ್ದು ಬೇರೆ.

ಅಲ್ಲಿಂದ ಶುರುವಾಯಿತು. ಕೂಸು ಸೀನಿದರೆ ಸಾಕು, ಅಂಗಡಿಗೆ ಬಂದು, “ಲಿಂಗಸೂರಿಗೆ ಹಚ್ಚಿ ಕೊಡ್ರಿ ಸಾವ್ಕಾರ್ರ” ಅನ್ನುವಳು. ನಾನು ದಾನಿಷನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಬೇಕು. “ಅಲ್ಲಿ ಹೆಂಗೈತಿ ತಮ್ಮಾ? ಉಂಡೈತೇನು?” ಎಂದು ಕೇಳುವಳು. ಅವನು, “ಚೊಲೊ ಐತ್ರಿ, ಇವತ್ತ ನೀರು ಬದಲಿಸೀನಿ” ಅನ್ನುವನು. ಬೀದಿಯವರೆಲ್ಲ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಲಿಂಗಸುಗೂರಿನ ಕಡೆ ಕರೆಂಟ್ ಹೋಗಿದೆ ಎಂದು ಸುದ್ದಿ ಬಂದ ದಿನ ಆಕೆ ಆಸ್ಪತ್ರೆಯ ಕೆಲಸ ಬಿಟ್ಟು ಓಡಿಬಂದಳು. ಜನರೇಟರ್ ಇದೆ ಎಂದು ದಾನಿಷ್ ಆಣೆ ಮಾಡುವವರೆಗೂ ಕಟ್ಟೆ ಇಳಿಯಲಿಲ್ಲ. ಬರಬರುತ್ತಾ ದಾನಿಷನೇ, ಆಕೆ ಕೇಳುವುದಕ್ಕೆ ಮೊದಲು, “ಕೂಸು ಹೆಂಗದಾನ್ರಿ?” ಎಂದು ಕೇಳತೊಡಗಿದ. ಅವನ ದನಿಯಲ್ಲಿ ಉಪಚಾರ ಇರಲಿಲ್ಲ. ಆ ಹೆದರಿಕೆ ಅವನಿಗೂ ಅಂಟಿತ್ತು.

ಕೂಸಿಗೆ ಗಾದಿಲಿಂಗ ಎಂದು ಹೆಸರಿಟ್ಟರು. ಐದನೇ ತಿಂಗಳಲ್ಲಿ ಅಮರೇಶ್ವರಿಯನ್ನು ಗಂಡನ ಮನೆಗೆ ಕಳಿಸುವ ತಯಾರಿ ನಡೆದಿತ್ತು. ಒಂದು ಮಧ್ಯಾಹ್ನ, ಬೀದಿಯಲ್ಲಿ ಬಿಸಿಲಿಗೆ ನಾಯಿಯೂ ಇಲ್ಲದ ಹೊತ್ತು, ದಾನಿಷನ ಫೋನ್ ಬಂತು.

“ಅಣ್ಣಾ, ಆದಮ್ಮ ಹತ್ರ ಇಲ್ಲಲ್ಲ? ಅವು ಹೋದ್ವು ಅಣ್ಣಾ. ಹೋದ ವಾರದಿಂದ ಒಡಿಯೋದು ಬಿಟ್ಟಿದ್ವು. ಈಗ ನೋಡಿದ್ರ ಎಲ್ಲಾ ತಳ ಬಿಟ್ಟು ತೇಲಾಕತ್ತಾವ. ಕೂಸು ಹೆಂಗದಾನ? ಒಂದೀಟು ನೋಡಿ ಹೇಳ್ರಿ ಅಣ್ಣಾ.”

ಇದು ಆಗಲೇಬೇಕಾದದ್ದು ಎಂದು ನನಗೆ ಗೊತ್ತಿತ್ತು. ಫಾರ್ಮಸಿ ಓದಿದವನು ನಾನು. ಕರುಳಬಳ್ಳಿಯ ಕೋಶಕ್ಕೂ ಕೂಸಿನ ಉಸಿರಿಗೂ ಸಂಬಂಧವಿಲ್ಲ ಎಂದು ಬಸ್ಸಿನ ತುಂಬ ವಾದಿಸಿದವನೂ ನಾನೇ. ಹೂಂ ಎಂದು ಫೋನಿಟ್ಟೆ. ಆಮೇಲೆ ನೋಡಿದರೆ ಅಂಗಡಿಯ ದುಡ್ಡಿನ ಗಲ್ಲೆ ಹಾಗೇ ತೆರೆದುಬಿಟ್ಟು, ಬರಿಗಾಲಲ್ಲಿ, ಸುಡುವ ಡಾಂಬರಿನ ಮೇಲೆ ಆದಮ್ಮನ ಮನೆಯ ಕಡೆ ಓಡುತ್ತಿದ್ದೆ.

ಬಾಗಿಲು ತೆರೆದಿತ್ತು. ಅಮರೇಶ್ವರಿ ನಳದ ಹತ್ತಿರ ಹೋಗಿದ್ದಳು. ಸೀರೆಯ ಜೋಳಿಗೆಯಲ್ಲಿ ಕೂಸು ಮಲಗಿತ್ತು, ಮುಖ ಒಂದು ಕಡೆ ವಾಲಿತ್ತು, ಅಲುಗಾಟವಿರಲಿಲ್ಲ. ಹೊಟ್ಟೆ ಏರುತ್ತಿದೆಯೇ ಇಲ್ಲವೇ ಎಂದು ಆ ಮಬ್ಬಿನಲ್ಲಿ ನನಗೆ ಕಾಣಲಿಲ್ಲ. ಬಗ್ಗಿ ಮೂಗಿನ ಕೆಳಗೆ ಬೆರಳಿಟ್ಟೆ.

“ಸಾವ್ಕಾರ್ರ.”

ಹಿತ್ತಲ ಬಾಗಿಲಲ್ಲಿ ಆದಮ್ಮ ನಿಂತಿದ್ದಳು, ಕೈಯಲ್ಲಿ ಹಿಂಡಿದ ಬಟ್ಟೆ. “ಅಲ್ಲಿಂದ ಫೋನ್ ಬಂದಿತ್ತೇನ್ರಿ?”

“ಇಲ್ಲ” ಅಂದೆ. ಬೆರಳು ಕೂಸಿನ ಮೂಗಿನ ಕೆಳಗೇ ಇತ್ತು. ಆಕೆ ನನ್ನ ಮೋರೆ ನೋಡಲಿಲ್ಲ, ಆ ಬೆರಳನ್ನೇ ನೋಡಿದಳು.

ಬಟ್ಟೆ ನೆಲಕ್ಕೆ ಬಿತ್ತು. ಆಕೆ ಬಂದು ನನ್ನನ್ನು ಪಕ್ಕಕ್ಕೆ ತಳ್ಳಿ, ಕೂಸನ್ನು ಎತ್ತಿ, ತಲೆ ಕೆಳಗೆ ಮಾಡಿ, ಹುಟ್ಟಿ ಅಳದ ಕೂಸುಗಳಿಗೆ ಮಾಡುವಂತೆ ಅಂಗಾಲಿಗೆ ಬೆರಳಿನಿಂದ ಪಟಪಟನೆ ಹೊಡೆದಳು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ನಿದ್ದೆಗೆಟ್ಟ ಕೂಸು ಇಡೀ ಓಣಿಗೆ ಕೇಳುವಂತೆ ಕಿರುಚಿತು. ಅಮರೇಶ್ವರಿ ಕೊಡ ಬಿಟ್ಟು ಓಡಿಬಂದಳು, ನೆರೆಯವರು ಬಾಗಿಲಿಗೆ ಬಂದರು, ಯಾಕೆ ಹೊಡೆಯುತ್ತೀರಿ, ಸಮಾಧಾನ ಮಾಡಿರಿ ಎಂದು ಎಲ್ಲರೂ ಒಟ್ಟಿಗೆ ಕೇಳಿದರು. ನಾವಿಬ್ಬರೂ ಸಮಾಧಾನ ಮಾಡಲಿಲ್ಲ. ಅದು ಅಳುತ್ತಿರಲಿ ಎಂದು ಸುಮ್ಮನೆ ನಿಂತಿದ್ದೆವು.